ಕಂಬಿಯ ಕೆಳಗಿನ ಎರಡು ಬೆರಳು

ಅವಳಿಗೆ ಬಾಗಿಲು ಅಂತ ಹೆಸರಿಟ್ಟಿದ್ದು ಅವಳ ಅತ್ತಿಗೆ. ಐಸ್ ಹಾಕಿಯಲ್ಲಿ ಗೋಲಿನ ಮುಂದೆ ನಿಂತುಕೊಂಡು, ನುಗ್ಗಿ ಬರುವವರನ್ನು ಭುಜ ಕೊಟ್ಟು ಆಚೆ ತಳ್ಳುವುದು ಅವಳ ಪಾಲಿನ ಕೆಲಸ. ನಿಂತಳೆಂದರೆ ನಿಂತಳು, ಅಲ್ಲಾಡಿಸುವುದು ಕಷ್ಟ. ಒಮ್ಮೆ ಎದುರು ತಂಡದ ಭಾರೀ ಹೆಂಗಸೊಬ್ಬಳು ಓಡಿಬಂದು ಗುದ್ದಿ ತಾನೇ ಮಂಜುಗಡ್ಡೆಯ ಮೇಲೆ ಅಂಗಾತ ಬಿದ್ದಾಗ, ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ನನ್ನ ನಾದಿನಿ ಮನುಷ್ಯಳಲ್ಲ ಕಣ್ರೇ, ಬಾಗಿಲು. ಬಡಿದ್ರೆ ಬಡಿದೋಳ ಕೈಯೇ ಊದ್ಕೊಳ್ಳುತ್ತೆ." ಅಲ್ಲಿಂದ ಆ ಹೆಸರು ತಂಡಕ್ಕೆ ಹತ್ತಿತು, ತಂಡದಿಂದ ಅವಳ ಕೆಲಸದ ಜಾಗಕ್ಕೆ ಹೋಯಿತು, ಕೊನೆಗೆ ಹೆತ್ತ ತಾಯಿಯ ನಾಲಿಗೆಗೂ ಅದೇ ರೂಢಿಯಾಯಿತು.

ಅವಳ ಕೆಲಸ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದಲ್ಲಿ. ನೀರು ಕುಡಿದ ಹೊದಿಕೆಗಳು ಯಂತ್ರದ ಹೊಟ್ಟೆಯೊಳಗೆ ಒಂದಕ್ಕೊಂದು ಹೆಣೆದುಕೊಂಡು, ಸತ್ತ ದನದಷ್ಟು ಭಾರವಾಗಿ ಕೂತಿರುತ್ತಿದ್ದವು. ಅವನ್ನು ಎರಡೂ ತೋಳಲ್ಲಿ ತಬ್ಬಿ ಎಳೆದು ಗಾಡಿಗೆ ಹಾಕಬೇಕು. ಅಲ್ಲಿ ಗಂಡಸು ಎತ್ತಿದ್ದಕ್ಕೆ ಭಾರ ಅನ್ನುತ್ತಿದ್ದರು, ಹೆಂಗಸು ಎತ್ತಿದ್ದಕ್ಕೆ ಬಟ್ಟೆ ಅನ್ನುತ್ತಿದ್ದರು. ವರ್ಷಗಟ್ಟಲೆ ಬಟ್ಟೆ ಎತ್ತಿ ಎತ್ತಿ ಅವಳ ಬೆನ್ನು ಹಲಗೆಯಾಗಿತ್ತು. ಮದುವೆಯ ಮಾತು ಬಂದಾಗಲೆಲ್ಲ ಅವಳಿಗೆ ಪಾಳಿ ಇರುತ್ತಿತ್ತು. ತಾಯಿಯೂ ಕೇಳಿ ಕೇಳಿ ಸಾಕಾಗಿ ಸುಮ್ಮನಾಗಿದ್ದಳು.

ಅತ್ತಿಗೆ ಆ ಮನೆಗೆ ಬಂದದ್ದೇ ಕೈಯಲ್ಲೊಂದು ಹಾಕಿ ಕೋಲು ಹಿಡಿದುಕೊಂಡು. ಸಪೂರ ದೇಹ, ಮೊನಚು ಮೊಣಕೈ, ಸೌದೆ ಸೀಳಿದಂಥ ಮಾತು. ಊರಿನ ಐಸ್ ಅಂಗಳದಲ್ಲಿ ಅವಳು ಯಂತ್ರ ಓಡಿಸುತ್ತಿದ್ದಳು. ಆಟ ಆಡಿ ಗೀಚಿಹೋದ ಮಂಜುಗಡ್ಡೆಯನ್ನು ಕೆರೆದು, ಮೇಲೆ ನೀರು ಸವರಿ, ಕನ್ನಡಿಯ ಹಾಗೆ ಮಾಡುವ ದೊಡ್ಡ ಗಾಡಿ ಅದು. ಹೆಂಗಸರ ತಂಡಕ್ಕೆ ಅಭ್ಯಾಸಕ್ಕೆ ಸಮಯ ಕೊಡುವುದಿಲ್ಲ ಅಂತ ಅಂಗಳದ ಆಡಳಿತದವರು ಹೇಳಿದ ದಿನ, ಅವಳು ಆ ಗಾಡಿಯನ್ನು ಅಂಗಳದ ನಟ್ಟನಡುವೆ ನಿಲ್ಲಿಸಿ, ಬೀಗದ ಕೈ ಜೇಬಿಗೆ ಹಾಕಿಕೊಂಡು, ಸೀಟಿನ ಮೇಲೆ ಕಾಲುಮೇಲೆ ಕಾಲು ಹಾಕಿ ಕೂತುಬಿಟ್ಟಳು. ಗಂಡಸರ ತಂಡ ಬಂದು ಬೇಡಿತು, ಬೈಯಿತು, ಆಮೇಲೆ ಚಳಿಗೆ ನಡುಗಿತು. ಸಂಜೆಯೊಳಗೆ ಹೆಂಗಸರಿಗೆ ಸಮಯ ಸಿಕ್ಕಿತು. "ಬೈಗುಳಕ್ಕೆ ಬಗ್ಗದೋರು ತಣ್ಣಗೆ ಕೂತ್ಕೊಂಡ್ರೆ ಬಗ್ತಾರೆ," ಅಂದಿದ್ದಳು ಮನೆಗೆ ಬಂದು, ಅಂಡು ಉಜ್ಜಿಕೊಳ್ಳುತ್ತಾ.

ನಾದಿನಿಯ ಬೆನ್ನು ನೋಡಿದ್ದೇ ತಡ, ಅತ್ತಿಗೆ ಅವಳನ್ನು ಬಿಡಲಿಲ್ಲ. "ಈ ಶಕ್ತಿನೆಲ್ಲಾ ಹಾಳು ಬಟ್ಟೆಗೆ ಹಾಕ್ತಿದೀಯಲ್ಲೇ. ಬಾ ನನ್ನ ಜೊತೆ." ಅತ್ತಿಗೆ–ನಾದಿನಿ ಅಂದರೆ ಎಣ್ಣೆ–ನೀರು ಅಂದುಕೊಂಡಿದ್ದ ತಾಯಿಗೆ, ಇಬ್ಬರೂ ಒಂದೇ ಚೀಲ ಹೊತ್ತುಕೊಂಡು ವ್ಯಾಯಾಮಕ್ಕೆ ಹೋಗುವುದು ನೋಡಿ ತಲೆ ಕೆಟ್ಟುಹೋಯಿತು. "ಜಗಳ ಆಡ್ರಮ್ಮ ಒಂದಿನಾನಾದ್ರೂ, ನನಗೂ ಹೊತ್ತು ಹೋಗ್ಲಿ," ಅನ್ನುತ್ತಿದ್ದಳು.

ವ್ಯಾಯಾಮದ ಕೋಣೆ ಇದ್ದದ್ದು ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಅಡಿಯಲ್ಲಿ. ಚಾವಣಿ ಒಂದು ಕಡೆ ಎತ್ತರ, ಇನ್ನೊಂದು ಕಡೆ ತಲೆ ಬಗ್ಗಿಸಬೇಕಾದಷ್ಟು ಇಳಿಜಾರು. ಗೋಡೆಯುದ್ದಕ್ಕೂ ಅಂಗಳವನ್ನು ತಣ್ಣಗಿಡುವ ಕೊಳವೆಗಳು, ಅವುಗಳ ಮೇಲೆ ಬಿಳಿ ಹಿಮದ ಬೂಷ್ಟು. ನೆಂದ ತೊಗಲಿನ ವಾಸನೆ, ಕಬ್ಬಿಣದ ವಾಸನೆ, ಮೂಗಿಗೆ ಚುಚ್ಚುವ ಯಾವುದೋ ಅನಿಲದ ವಾಸನೆ. ಒಂದು ಬೆಂಚು, ಅದರ ತಲೆಯ ಬಳಿ ಎರಡು ಕವಲು, ಕವಲಿನ ಮೇಲೆ ಉದ್ದನೆಯ ಕಂಬಿ. ಕಂಬಿಯ ಎರಡು ತುದಿಗೆ ತೂಕದ ಬಿಲ್ಲೆಗಳು, ಅವು ಜಾರದಂತೆ ಕಚ್ಚಿ ಹಿಡಿಯುವ ಕ್ಲಿಪ್ಪುಗಳು.

ಐಸ್ ಹಾಕಿ ಆಡುವವರಿಗೆ ಬರೀ ತೋಳು ಬಲಿತರೆ ಸಾಲದು. ತೊಡೆ ಬೇಕು, ಸೊಂಟ ಬೇಕು, ಒಂದೇ ಕಾಲಿನ ಮೇಲೆ ನಿಂತು ಗುದ್ದು ತಿನ್ನುವ ತಾಕತ್ತು ಬೇಕು. ಅದಕ್ಕೇ ಇಬ್ಬಿಬ್ಬರು ಜೋಡಿಯಾಗಿ ಅಭ್ಯಾಸ. ಒಬ್ಬಳು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಮುಂದಕ್ಕೆ ಓಡಬೇಕು, ಇನ್ನೊಬ್ಬಳು ಹಿಂದಿನಿಂದ ಆ ಪಟ್ಟಿ ಹಿಡಿದು ಜಗ್ಗಬೇಕು. ಆಮೇಲೆ ಬೆಂಚು. ಒಬ್ಬಳು ಅಂಗಾತ ಮಲಗಿ ಕಂಬಿಯನ್ನು ಎದೆಗೆ ಇಳಿಸಿ ಎತ್ತಬೇಕು, ಇನ್ನೊಬ್ಬಳು ಅವಳ ತಲೆಯ ಹಿಂದೆ ನಿಂತು ಕಂಬಿಯ ಕೆಳಗೆ ಎರಡೂ ಕೈಯ ತೋರುಬೆರಳು ಚಾಚಿಕೊಂಡಿರಬೇಕು. ಮುಟ್ಟಬಾರದು, ಆದರೆ ಕೂದಲೆಳೆ ದೂರದಲ್ಲಿರಬೇಕು. ಮಲಗಿದವಳು ಸೋತರೆ ಮಾತ್ರ ಹಿಡಿಯಬೇಕು. ಹಿಡಿದಿಲ್ಲ ಅನ್ನುವುದು ಮಲಗಿದವಳಿಗೆ ಗೊತ್ತಾಗಲಿ ಅಂತ ನಿಂತವಳು ಒಂದು ಮಾತು ಕೂಗುತ್ತಿರಬೇಕು: "ನಿಂದೇ! ನಿಂದೇ!" ಭಾರ ಪೂರ್ತಿ ನಿನ್ನದೇ, ನನ್ನ ಕೈ ತಾಗಿಲ್ಲ ಅಂತ ಅದರ ಅರ್ಥ. ಮಲಗಿದವಳ ಕಣ್ಣು ಚಾವಣಿಯ ಮೇಲಿರುತ್ತದೆ. ಬೆರಳು ಅವಳಿಗೆ ಕಾಣುವುದಿಲ್ಲ. ನಂಬಬೇಕು ಅಷ್ಟೆ.

ಬಾಗಿಲು ನಂಬಿದಳು. ವರ್ಷಗಟ್ಟಲೆ ಅತ್ತಿಗೆಯ "ನಿಂದೇ" ಕೇಳಿಕೊಂಡು, ಬಿಲ್ಲೆಯ ಮೇಲೆ ಬಿಲ್ಲೆ ಏರಿಸಿದಳು. ಕೊನೆಗೆ ತಂಡದ ಯಾರೂ ಮುಟ್ಟದ ದೊಡ್ಡ ಬಿಲ್ಲೆಗಳನ್ನು ಜೋಡಿಯಾಗಿ ಹಾಕಿ ಎತ್ತುವಷ್ಟಾದಳು. ಕಂಬಿ ಅರ್ಧ ದಾರಿಯಲ್ಲಿ ನಿಂತು, ತೋಳು ನಡುಗಿ, ಇನ್ನೇನು ಹೋಯಿತು ಅನ್ನುವಾಗ, ತಲೆಯ ಹಿಂದಿನಿಂದ ಆ ಒಡಕು ದನಿ ಬರುತ್ತಿತ್ತು. "ನಿಂದೇ ಕಣೇ, ನಿಂದೇ, ಏಳ್ತಿದೆ ನೋಡು!" ಕಂಬಿ ಏಳುತ್ತಿತ್ತು.

ಅತ್ತಿಗೆ ಸತ್ತದ್ದು ಗಾಡಿಯ ಮೇಲೆ. ಅಭ್ಯಾಸ ಶುರುವಾಗುವ ಮೊದಲು ಅಂಗಳಕ್ಕೆ ನೀರು ಸವರುತ್ತಿದ್ದಳು. ತಂಡದವರೆಲ್ಲ ಬದಿಯ ಬೆಂಚಿನಲ್ಲಿ ಕೂತು ಸ್ಕೇಟಿನ ದಾರ ಬಿಗಿಯುತ್ತಿದ್ದರು. ಗಾಡಿ ಒಂದೇ ಕಡೆ ಗುಂಡಗೆ ಸುತ್ತತೊಡಗಿತು. ಮೊದಲು ಯಾರೋ ನಕ್ಕರು. ಬಾಗಿಲೂ ನಕ್ಕಳು. "ಅತ್ತಿಗೆ, ತಲೆ ತಿರುಗ್ತಿದೆ ನಿಲ್ಸೇ!" ಅಂತ ಕೂಗಿದಳು. ಅತ್ತಿಗೆ ಸ್ಟೀರಿಂಗ್ ಚಕ್ರದ ಮೇಲೆ ಬಾಗಿ, ಏನನ್ನೋ ಹುಡುಕುವವಳ ಹಾಗೆ ಕೂತಿದ್ದಳು. ಗಾಡಿ ಸುತ್ತುತ್ತಾ ಸುತ್ತುತ್ತಾ ಹೊರಳಿ ಹೋಗಿ ಹಲಗೆಗೋಡೆಗೆ ತಾಗಿ ಗುರುಗುಟ್ಟತೊಡಗಿದ ಮೇಲೆಯೇ ಇವರು ಎದ್ದು ಓಡಿದ್ದು. ತಲೆಯೊಳಗಿನ ನರವೊಂದು ಒಡೆದಿತ್ತು ಅಂತ ಆಸ್ಪತ್ರೆಯವರು ಹೇಳಿದರು. ಅವಳ ಹಿಂದೆ ಮಂಜುಗಡ್ಡೆಯ ಮೇಲೆ ಒಂದರೊಳಗೊಂದು ಉಂಗುರಗಳು, ಒಂದು ಗೆರೆಯೂ ಇಲ್ಲದಷ್ಟು ನುಣುಪಾಗಿ ಹೊಳೆಯುತ್ತಿದ್ದವು. ಸತ್ತ ಮೇಲೂ ಕೆಲಸ ಅಚ್ಚುಕಟ್ಟಾಗಿ ಮಾಡಿದ್ದಳು.

ಅತ್ತಿಗೆಯ ಗಂಡ, ಅಂದರೆ ಬಾಗಿಲಿನ ಅಣ್ಣ, ಲಿಫ್ಟ್ ರಿಪೇರಿ ಮಾಡುವವನು. ಮೊದಲೇ ಮಾತು ಕಡಿಮೆ, ಈಗ ಪೂರ್ತಿ ನಿಂತುಹೋಯಿತು. ಮಣ್ಣು ಮಾಡಿ ಬಂದವನು ಹೆಂಡತಿಯ ಸ್ಕೇಟುಗಳ ಅಲಗಿಗೆ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ತಾಯಿ ಮಾತ್ರ ತಟ್ಟೆ ಇಡುವಾಗಲೆಲ್ಲ ಒಂದು ಹೆಚ್ಚು ಇಟ್ಟು, ತನ್ನನ್ನು ತಾನೇ ಬೈದುಕೊಂಡು ವಾಪಸು ತೆಗೆಯುತ್ತಿದ್ದಳು.

ಬಾಗಿಲು ಅಳಲಿಲ್ಲ. ಒಂದು ವಾರ ಬಿಟ್ಟು, ಕೆಲಸ ಮುಗಿಸಿ, ಬೇರೆಯವರು ಬರುವ ಮೊದಲೇ ಮಧ್ಯಾಹ್ನದಲ್ಲಿ ಅತ್ತಿಗೆಯ ಬೀಗದ ಕೈ ತೆಗೆದುಕೊಂಡು ಆ ಕೋಣೆಗೆ ಹೋದಳು. ಒಳಗಿನಿಂದ ಚಿಲಕ ಹಾಕಿಕೊಂಡಳು. ಒಂಟಿಯಾಗಿ ಯಾರೂ ಕಂಬಿಯ ಕೆಳಗೆ ಮಲಗಬಾರದು ಅನ್ನುವುದು ತಂಡದ ಕಟ್ಟಪ್ಪಣೆ. ಅವಳು ಎಂದಿನ ಬಿಲ್ಲೆಗಳನ್ನೇ ಹಾಕಿ ಮಲಗಿದಳು. ಕಂಬಿ ಇಳಿಸಿದಳು, ಎತ್ತಿದಳು. ಅರ್ಧ ದಾರಿಯಲ್ಲಿ ಅದು ನಿಂತಿತು. ತೋಳು ಅದುರಿತು. ಇದೇ ಕೊನೆ ಅಂದುಕೊಂಡಳು. ಆಗ ಕಂಬಿಯ ನಡುವೆ ಏನೋ ತಾಗಿದ ಹಾಗೆ, ಯಾರೋ ಬಲು ಹಗುರವಾಗಿ ಕೆಳಗಿನಿಂದ ಒತ್ತಿದ ಹಾಗೆ ಆಗಿ, ಕಂಬಿ ಮೇಲಕ್ಕೆ ಹೋಯಿತು. ಎದ್ದು ಕೂತು ನೋಡಿದಳು. ಹಿಡಿತ ಜಾರದಿರಲಿ ಅಂತ ಅವರು ಕೈಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಳ್ಳುವುದುಂಟು. ಅವಳ ಕೈ ಹಿಡಿದಿದ್ದ ಎರಡು ಜಾಗದಲ್ಲಿ ಕಂಬಿ ಬೆಳ್ಳಗಾಗಿತ್ತು. ನಟ್ಟನಡುವೆ, ಅವಳ ಕೈ ಹೋಗದ ಕಡೆ, ಅಡಿಯಲ್ಲಿ ಎರಡು ಚಿಕ್ಕ ಬಿಳಿ ಗುರುತುಗಳಿದ್ದವು.

ಹಳೆಯ ಗುರುತಿರಬೇಕು ಅಂತ ಒದ್ದೆ ಬಟ್ಟೆಯಿಂದ ಒರೆಸಿದಳು. ಮುಂದಿನ ಸಲ ಹೋದಾಗಲೂ ಎತ್ತಿ ಆದಮೇಲೆ ನೋಡಿದರೆ ಇದ್ದವು. ಅವಳು ಓಡಿಹೋಗಲಿಲ್ಲ. ಬೆಂಚಿನ ಮೇಲೆ ಕೂತು, ಕತ್ತಿನ ಬೆವರು ಒರೆಸಿಕೊಂಡು, "ಬಂದ್ಯಾ?" ಅಂದಳು ಅಷ್ಟೆ. ಕೊಳವೆಗಳು ಗುಂಯ್‌ಗುಟ್ಟುತ್ತಿದ್ದವು.

ಜೋಡಿ ಅಂದಮೇಲೆ ಸರದಿ ಇರಬೇಕಲ್ಲ. ತನ್ನದು ಮುಗಿಯುತ್ತಲೇ ಅವಳು ದೊಡ್ಡ ಬಿಲ್ಲೆ ಇಳಿಸಿ, ಅತ್ತಿಗೆ ಎತ್ತುತ್ತಿದ್ದ ಚಿಕ್ಕ ಬಿಲ್ಲೆಗಳನ್ನು ಹಾಕುತ್ತಿದ್ದಳು. ಬೆಂಚಿನ ತಲೆಯ ಹಿಂದೆ ಹೋಗಿ, ಕಾಲು ಅಗಲಿಸಿ, ಕವಲಿನ ಮೇಲೆ ಕದಲದೆ ಕೂತಿದ್ದ ಕಂಬಿಯ ಕೆಳಗೆ ಎರಡು ಬೆರಳು ಚಾಚಿ ನಿಂತು, ಖಾಲಿ ಬೆಂಚನ್ನು ನೋಡುತ್ತಾ "ನಿಂದೇ, ನಿಂದೇ," ಅನ್ನುತ್ತಿದ್ದಳು. ಅತ್ತಿಗೆ ಎತ್ತಿ ಮುಗಿಸಲು ಎಷ್ಟು ಹೊತ್ತು ಹಿಡಿಯುತ್ತಿತ್ತೋ ಅಷ್ಟು ಹೊತ್ತು ನಿಂತು, ಮತ್ತೆ ತನ್ನ ಬಿಲ್ಲೆ ಹಾಕಿಕೊಳ್ಳುತ್ತಿದ್ದಳು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಕಾರಿಡಾರಿನಲ್ಲಿ ಒಬ್ಬಳೇ ಓಡುವಾಗ, ಹಿಂದಿನಿಂದ ಯಾರೋ ಜಗ್ಗುತ್ತಿದ್ದರು. ಜಗ್ಗಿದಷ್ಟೂ ಅವಳಿಗೆ ಸಮಾಧಾನ. ಮನೆಗೆ ಬಂದು ಹೊಟ್ಟೆ ತುಂಬ ಉಣ್ಣುತ್ತಿದ್ದಳು. ತಾಯಿ, "ಪರವಾಗಿಲ್ಲ, ಹುಡುಗಿ ಗೆಲುವಾದಳು," ಅಂದುಕೊಂಡಳು.

ಆ ಕೋಣೆಗೆ ಮೇಲೆ ಒಂದು ಸಣ್ಣ ಗಾಜಿನ ಕಿಂಡಿ ಇತ್ತು, ಮೆಟ್ಟಿಲ ಕಡೆಗೆ ತೆರೆದದ್ದು. ಒಂದು ಮಧ್ಯಾಹ್ನ ತಂಡದ ಎಡಗಡೆ ಆಡುವ ಅಂಚೆಯವಳು ಚೀಲದ ಕಾಗದವೆಲ್ಲ ಹಂಚಿ ಮುಗಿಸಿ ಬೇಗ ಬಂದಿದ್ದಳು. ಅವಳಿಗೆ ಊರಿನ ಮನೆಮನೆಯ ಕದದ ಸಂದಿ ನೋಡಿ ಅಭ್ಯಾಸ. ಕಿಂಡಿಯಲ್ಲೂ ಇಣುಕಿದಳು. ಬಾಗಿಲು ಖಾಲಿ ಬೆಂಚಿನ ಹಿಂದೆ ನಿಂತು, ಯಾರಿಗೋ ಹುರಿದುಂಬಿಸುವುದನ್ನು ನೋಡಿದಳು. ಸಂಜೆಯೊಳಗೆ ಇಡೀ ತಂಡಕ್ಕೆ ಸುದ್ದಿ ಹಂಚಿಯಾಗಿತ್ತು.

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಒಬ್ಬಳು, "ಸತ್ತಮೇಲಾದ್ರೂ ಈ ದಂಡ–ಬಸ್ಕಿ ತಪ್ಪುತ್ತೆ ಅಂದ್ಕೊಂಡಿದ್ದೆ ಕಣ್ರೇ, ಅಲ್ಲೂ ಬಿಡಲ್ವಂತೆ," ಅಂದಳು. ಯಾರೂ ನಗಲಿಲ್ಲ. ಬಾಗಿಲು ಕಿವಿಯ ಮೇಲೆ ಹಾಕಿಕೊಳ್ಳದೆ ಸ್ಕೇಟು ಬಿಚ್ಚುತ್ತಿದ್ದಳು.

ತಂಡಕ್ಕೆ ಕಲಿಸುವವನನ್ನು ಎಲ್ಲರೂ ಸೀಟಿ ಅನ್ನುತ್ತಿದ್ದರು. ಸೀಟಿ ಬಾಯಿಂದ ತೆಗೆಯದೆಯೇ ಮಾತಾಡುವ ಮನುಷ್ಯ. ಅವನು ಬಾಗಿಲನ್ನು ಕಾರಿಡಾರಿಗೆ ಕರೆದ.

"ಒಂಟಿಯಾಗಿ ಮಲಗ್ತಿದೀಯಂತೆ."

"ಒಂಟಿ ಅಲ್ಲ."

ಅವನು ಸೀಟಿ ಬಾಯಿಂದ ತೆಗೆದ.  "ನೋಡಮ್ಮ, ಅದು ನಿನ್ನ ಇಷ್ಟ, ನಾನು ಕೇಳಲ್ಲ. ಆದ್ರೆ ನಾಳೆ ಕಂಬಿ ಕತ್ತಿನ ಮೇಲೆ ಬಿದ್ರೆ ನಿಮ್ಮಮ್ಮನಿಗೆ ನಾನೇನು ಹೇಳ್ಲಿ? ಅಂಚೆಯೋಳ ಜೊತೆ ಜೋಡಿ ಹಾಕ್ತೀನಿ. ಅವಳ ಜೊತೆ ಎತ್ತಿದ್ರೆ ಭಾನುವಾರದ ಆಟಕ್ಕೆ ನೀನು ಗೋಲಿನ ಮುಂದೆ. ಇಲ್ಲಾಂದ್ರೆ ಕೋಣೆ ಬೀಗದ ಕೈ ಕೊಟ್ಬಿಡು, ತಂಡದ ಅಂಗೀನೂ ಕೊಟ್ಬಿಡು."

ಬಾಗಿಲಿಗೆ ಆಟ ತಪ್ಪುವುದು ಒಂದು ಲೆಕ್ಕವಲ್ಲ. ಅಂಗಿಯೂ ಲೆಕ್ಕವಲ್ಲ. ಬೆಂಚಿನ ತಲೆಯ ಹಿಂದೆ ಇರುವುದು ಒಬ್ಬರು ನಿಲ್ಲುವಷ್ಟೇ ಜಾಗ. ಅಲ್ಲಿ ಅಂಚೆಯವಳು ಬಂದು ನಿಂತರೆ ಅತ್ತಿಗೆ ಎಲ್ಲಿ ನಿಲ್ಲಬೇಕು? ಕೋಣೆಯ ಬೀಗದ ಕೈ ಕೊಟ್ಟರೂ ಅಷ್ಟೆ. ಎರಡರಲ್ಲಿ ಯಾವುದಕ್ಕೆ ಒಪ್ಪಿದರೂ ಅತ್ತಿಗೆ ಎರಡನೆಯ ಸಲ ಸಾಯುತ್ತಿದ್ದಳು. ಈ ಸಲ ಕೊಲ್ಲುವವಳು ತಾನು.

ಆದರೂ ಒಂದು ಸಲ ನೋಡೋಣ ಅಂತ ಒಪ್ಪಿದಳು.

ಅಂಚೆಯವಳು ಬಂದು, ತೋಳು ಮಡಚಿ, ಕಂಬಿಯ ಮೇಲಿದ್ದ ಬಿಲ್ಲೆಗಳನ್ನು ನೋಡಿದಳು. "ಇಷ್ಟಾ?"

"ಇಷ್ಟೇ. ಯಾವಾಗ್ಲೂ ಇಷ್ಟೇ."

"ಸರಿ ಮಲಗು ಮಾರಾಯ್ತಿ. ನನಗೆ ಕೂಗೋದೆಲ್ಲ ಬರಲ್ಲ, ಹೇಳ್ಬಿಟ್ಟಿದೀನಿ."

ಕಂಬಿ ಇಳಿಯಿತು. ಏಳಲಿಲ್ಲ. ಅರ್ಧ ದಾರಿಗೂ ಬರಲಿಲ್ಲ. ಎದೆಯಿಂದ ಒಂದು ಗೇಣು ಎದ್ದು ಅಲ್ಲೇ ಸತ್ತಿತು. ಅಂಚೆಯವಳು ಗಪ್ಪನೆ ಹಿಡಿದು, ಹಲ್ಲು ಕಚ್ಚಿ ಕವಲಿಗೆ ಹಾಕಿದಳು. ಎರಡೂ ಕಡೆಯಿಂದ ಒಂದೊಂದು ಬಿಲ್ಲೆ ಇಳಿಸಿದರು. ಏಳಲಿಲ್ಲ. ಇನ್ನೊಂದೊಂದು ಇಳಿಸಿದರು. ಆಗಲೂ ಏಳಲಿಲ್ಲ. ದೊಡ್ಡ ಬಿಲ್ಲೆಗಳೆಲ್ಲ ನೆಲಕ್ಕೆ ಬಂದು, ಅತ್ತಿಗೆ ಎತ್ತುತ್ತಿದ್ದ ಚಿಕ್ಕವು ಕಂಬಿಗೆ ಏರಿ, ಅದರ ಮೇಲೊಂದಿಷ್ಟು ಸೇರಿಸಿದಾಗ ಕಂಬಿ ನಡುಗುತ್ತಾ ಮೇಲೆ ಹೋಯಿತು.

"ನೀನು ಕೆಳಕ್ಕೆ ಒತ್ತಿದೆ," ಅಂದಳು ಬಾಗಿಲು, ಎದ್ದು ಕೂತು.

"ನಾನು ಮುಟ್ಟೇ ಇಲ್ಲ ಕಣೇ! ಮುಟ್ಟಬಾರದು ಅಂತ ತಾನೇ ಹೇಳಿಕೊಟ್ಟಿರೋದು?"

"ವರ್ಷಗಟ್ಟಲೆ ಎತ್ತಿದೀನಿ ಅದನ್ನ."

ಅಂಚೆಯವಳು ಹುಬ್ಬು ಗಂಟಿಕ್ಕಿ ನೋಡಿದಳು. ಇವಳಿಗೆ ನಿಜಕ್ಕೂ ಗೊತ್ತಿಲ್ಲವೋ, ನಾಟಕವೋ ಅನ್ನುವ ಹಾಗೆ. ಆಮೇಲೆ ಅವಳ ಮುಖ ಇಳಿಯಿತು. "ಬಾಗ್ಲು, ನಿಮ್ಮ ಅತ್ತಿಗೆ ಮುಟ್ತಿದ್ಳು. ಬರೀ ಮುಟ್ಟೋದೇನು ಬಂತು, ಎತ್ತುತಿದ್ಳು. ಕತ್ತಿನ ನರ ಉಬ್ಬೋದು ಅವಳಿಗೆ. ನಾವೆಲ್ಲ ನೋಡಿದೀವಿ. ಬಾಯಲ್ಲಿ 'ನಿಂದೇ ನಿಂದೇ', ಕೈಯಲ್ಲಿ ಅರ್ಧ ಅವಳದು."

"ಎಲ್ರೂ?"

"ಎಲ್ರೂ. ಸೀಟಿಗೂ ಗೊತ್ತಿತ್ತು. ನಾನು ಒಂದ್ಸಲ ಕೇಳಿದ್ದೆ ಅವಳ್ನ, ಯಾಕೆ ಹಿಂಗೆ ಮೋಸ ಮಾಡ್ತೀಯ ಪಾಪದೋಳಿಗೆ ಅಂತ. 'ಸುಮ್ನಿರು, ನಾನು ಅವಳ ಕಂಬೀಲೇ ನನ್ನ ತೋಳಿನ ವ್ಯಾಯಾಮ ಮುಗಿಸ್ಕೋತೀನಿ' ಅಂತ ನಕ್ಕುಬಿಟ್ಳು. ಅವಳು ನಕ್ಕರೆ ಮುಂದೆ ಕೇಳೋಕಾಗುತ್ತಾ?"

ಬಾಗಿಲು ನೆಲಕ್ಕಿಳಿಸಿದ್ದ ದೊಡ್ಡ ಬಿಲ್ಲೆಗಳನ್ನು ನೋಡಿದಳು. ಗೋಲಿನ ಮುಂದೆ ನಿಂತು ಎಷ್ಟು ಜನರನ್ನು ಆಚೆ ತಳ್ಳಿದ್ದಳು! ಆ ದೊಡ್ಡ ಬಿಲ್ಲೆ ಎತ್ತುವವಳು ತಾನು ಅನ್ನುವ ಧೈರ್ಯಕ್ಕೇ ಅಲ್ಲಿ ಕಾಲೂರಿ ನಿಂತಿದ್ದಳು. ಆ ಧೈರ್ಯದಲ್ಲಿ ಯಾರ ಪಾಲು ಎಷ್ಟು? ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬಂತು. ಬದುಕಿದ್ದಾಗ ಅತ್ತಿಗೆ ಎತ್ತುತ್ತಿದ್ದಳು, ಸರಿ. ಕಳೆದ ತಿಂಗಳೆಲ್ಲ ಅದೇ ಭಾರವನ್ನು ಎತ್ತಿದ್ದು ಯಾರು?

ಅಂಚೆಯವಳನ್ನು ಸಾಗಹಾಕಿ ಅವಳು ಮಾರನೆಯ ಮಧ್ಯಾಹ್ನ ಒಬ್ಬಳೇ ಹೋದಳು. ಚಿಲಕ ಹಾಕಿದಳು. ಕಿಂಡಿಗೆ ಒಂದು ಟವೆಲ್ ಸಿಕ್ಕಿಸಿದಳು. ದೊಡ್ಡ ಬಿಲ್ಲೆಗಳನ್ನು ಎರಡೂ ಕಡೆ ಹಾಕಿ, ಕ್ಲಿಪ್ಪುಗಳನ್ನು ಒತ್ತಿ ಬಿಗಿದಳು. ಅಲ್ಲೇ ಅವಳು ತಪ್ಪಿದ್ದು. ಒಂಟಿಯಾಗಿ ಎತ್ತುವವರು ಯಾರೂ ಕ್ಲಿಪ್ಪು ಹಾಕುವುದಿಲ್ಲ. ಸೋತರೆ ಕಂಬಿಯನ್ನು ಒಂದು ಬದಿಗೆ ಓರೆ ಮಾಡಿ ಬಿಲ್ಲೆಗಳನ್ನು ಜಾರಿಸಿ ಪಾರಾಗಬಹುದು. ಕ್ಲಿಪ್ಪು ಹಾಕುವುದು ತಲೆಯ ಹಿಂದೆ ಒಬ್ಬರು ಇದ್ದಾರೆ ಅಂತ ನಂಬಿದವರು. ವರ್ಷಗಟ್ಟಲೆಯ ಕೈರೂಢಿ, ಕೈ ತಾನೇ ಹಾಕಿತು.

ಕಂಬಿ ಎದೆಗೆ ಇಳಿಯಿತು. ಎತ್ತಿದಳು. ಅಂಚೆಯವಳ ಎದುರಿಗೆ ಎಲ್ಲಿ ಸತ್ತಿತ್ತೋ ಅಲ್ಲಿಗೆ ಬಂತು, ನಿಂತಿತು. ಅಷ್ಟರಲ್ಲಿ ಅದು ಬಂತು. ಕಂಬಿಯ ನಡುವೆ ಆ ಸಣ್ಣ ಒತ್ತು. ಈ ಸಲ ಅವಳಿಗೆ ಅದರ ಆಕಾರವೇ ತಿಳಿಯಿತು. ಎರಡು ಬೆರಳು. ತುದಿ ತಣ್ಣಗೆ, ಸೀಮೆಸುಣ್ಣದ ಪುಡಿಗೆ ಒರಟಾಗಿ. ಕಂಬಿ ಏಳತೊಡಗಿತು. ಹಣೆಯ ಮೇಲೆ ಬಿಳಿ ಪುಡಿ ಉದುರಿತು. ಉಸಿರು ತಾಗುವಷ್ಟು ಹತ್ತಿರ ಯಾರೋ ಬಾಗಿದ್ದರು, ಆದರೆ ಉಸಿರು ತಾಗಲಿಲ್ಲ.

"ಅತ್ತಿಗೆ," ಅಂದಳು, ಹಲ್ಲು ಕಚ್ಚಿಕೊಂಡೇ. "ಮುಟ್ಬೇಡ."

ಬೆರಳು ಹೋಗಲಿಲ್ಲ.

"ಬಿಡು ಅಂದೆ. ಎಷ್ಟು ನಂದು, ಎಷ್ಟು ನಿಂದು ನನಗೆ ಗೊತ್ತಾಗ್ಬೇಕು. ಬಿಡೇ!"

ಬಿಟ್ಟಳು. ಅಷ್ಟು ಹೇಳಿದ ಮೇಲೆ ಬಿಡದಿರುವ ಹೆಂಗಸಲ್ಲ ಅವಳು. ಕಂಬಿ ಇಡೀ ಭಾರದೊಂದಿಗೆ ಧಡಕ್ಕನೆ ಇಳಿದು ಎದೆಯ ಮೇಲೆ ಕೂತಿತು.

ಬಾಗಿಲಿನ ಬಾಯಿಂದ ಗಾಳಿಯೆಲ್ಲ ಹೊರಗೆ ಹೋಯಿತು, ಒಳಗೆ ಬರಲು ಜಾಗವಿರಲಿಲ್ಲ. ಕಂಬಿಯನ್ನು ಎಡಕ್ಕೆ ಓರೆ ಮಾಡಿದಳು. ಬಿಲ್ಲೆ ಜಾರಲಿಲ್ಲ. ಬಲಕ್ಕೆ ಓರೆ ಮಾಡಿದಳು. ಕ್ಲಿಪ್ಪು ಕಿರ್ ಅಂದಿತು, ಕದಲಲಿಲ್ಲ. ಆಗ ನೆನಪಾಯಿತು. ತನ್ನ ಕೈಯನ್ನು ತಾನೇ ಶಪಿಸಿದಳು. ಕದಕ್ಕೆ ಚಿಲಕ, ಕಿಂಡಿಗೆ ಟವೆಲ್, ಮೇಲೆ ಅಂಗಳದಲ್ಲಿ ಯಾರೋ ಹೊಸಬ ಗಾಡಿ ಓಡಿಸುತ್ತಿದ್ದ ಸದ್ದು. ಕೂಗಲು ಉಸಿರಿಲ್ಲ. ಪಿಸುಗುಟ್ಟಲು ಸಾಕಾಗುವಷ್ಟಿತ್ತು. ಅತ್ತಿಗೆಯನ್ನು ಕರೆಯಲು ಪಿಸುಮಾತೇ ಸಾಕು. ಅವಳು ಅಲ್ಲೇ ಇದ್ದಳು, ತಲೆಯ ಹಿಂದೆ, ಕೈ ಹಿಂದಕ್ಕೆ ತೆಗೆದುಕೊಂಡು, ಕಾಯುತ್ತಾ. ಚಾವಣಿಯ ಇಳಿಜಾರಿನಲ್ಲಿ ಒಂದು ಕಡೆ ಬೆಳಕು ಮಂಕಾಗಿತ್ತು. ಕರೆದರೆ ಬೆರಳು ಬರುತ್ತದೆ, ಕಂಬಿ ಏಳುತ್ತದೆ. ಆಮೇಲೆ ಎಂದೆಂದಿಗೂ ಬರುತ್ತದೆ. ಎಲ್ಲದರಲ್ಲೂ ಅರ್ಧ ಅವಳದು. ಬಟ್ಟೆಯಲ್ಲಿ, ಆಟದಲ್ಲಿ, ಉಸಿರಲ್ಲಿ.

ಅವಳ ತುಟಿ "ಅ" ಅಂತ ತೆರೆಯಿತು ಕೂಡ. ಮುಚ್ಚಿಕೊಂಡಳು.

ಕಂಬಿಯನ್ನು ಎತ್ತಲಾಗದಿದ್ದರೆ ಉರುಳಿಸಬೇಕು. ಎಂಥ ಮೂರ್ಖರಿಗೂ ಗೊತ್ತಿರುವ ಉಪಾಯ ಅದು, ಅಷ್ಟು ನೋವಾಗುತ್ತದೆ ಅಂತ ಯಾರೂ ಮಾಡುವುದಿಲ್ಲ. ಅವಳು ಅಂಗೈ ಒತ್ತಿ ಕಂಬಿಯನ್ನು ಹೊಟ್ಟೆಯ ಕಡೆ ಉರುಳಿಸಿದಳು. ಪಕ್ಕೆಲುಬಿನ ತುದಿಯಲ್ಲಿ ಅದು ಕಚ್ಚಿ ನಿಂತಾಗ ಕಣ್ಣಿಗೆ ಕತ್ತಲೆ ಕಟ್ಟಿತು. ಹೊಟ್ಟೆಯ ಮೇಲೆ ಬಂದಾಗ ಕರುಳೆಲ್ಲ ಗಂಟಲಿಗೆ ಬಂದ ಹಾಗಾಯಿತು. ಆಸ್ಪತ್ರೆಯ ಯಂತ್ರದಿಂದ ಹೊದಿಕೆ ಎಳೆಯುವಾಗ ಹೇಗೆ ಸೊಂಟ ತಿರುಚುತ್ತಿದ್ದಳೋ ಹಾಗೆ ತಿರುಚಿ, ಬುಸುಗುಟ್ಟುತ್ತಾ, ಇನ್ನೊಂದು ಸಲ ಉರುಳಿಸಿದಳು. ಕಂಬಿ ತೊಡೆಗೆ ಬಂತು. ಎದ್ದು ಕೂತಳು. ಅದನ್ನು ತಳ್ಳಿ ನೆಲಕ್ಕೆ ಕೆಡವಿದಳು. ಬಿಲ್ಲೆಗಳು ನೆಲಕ್ಕೆ ಬಡಿದ ಸದ್ದಿಗೆ ಕೊಳವೆಗಳ ಮೇಲಿನ ಹಿಮ ಪುಡಿಪುಡಿಯಾಗಿ ಉದುರಿತು.

ತಲೆಯ ಹಿಂದೆ ತಿರುಗಿ ನೋಡಲು ಅವಳಿಗೆ ತುಂಬಾ ಹೊತ್ತು ಬೇಕಾಯಿತು. ನೋಡಿದರೆ ಗೋಡೆ. ಅಲ್ಲಿ ಯಾರೂ ಇಲ್ಲ ಅನ್ನುವುದು ಬರೀ ಕಣ್ಣಿಗೆ ಕಂಡದ್ದಲ್ಲ. ತಿಂಗಳಿಡೀ ಅಲ್ಲಿ ಯಾರೋ ಇದ್ದದ್ದು ಎಷ್ಟು ಖಚಿತವಾಗಿ ಗೊತ್ತಿತ್ತೋ, ಇಲ್ಲದ್ದೂ ಅಷ್ಟೇ ಖಚಿತವಾಗಿ ಗೊತ್ತಾಯಿತು. ಕೋಣೆ ಒಮ್ಮೆಲೇ ದೊಡ್ಡದಾದ ಹಾಗಿತ್ತು. ಆಗ ಅಳು ಬಂತು. ಪಕ್ಕೆ ನೋಯುತ್ತಿದ್ದುದರಿಂದ ಅಳಲೂ ಆಗದೆ, ಬಿಕ್ಕಳಿಕೆ ಬಂದವಳ ಹಾಗೆ ಕೂತಿದ್ದಳು.

ಮನೆಗೆ ಹೋದಾಗ ಅಣ್ಣ ಒಬ್ಬನೇ ಕೂತು ಯಾವುದೋ ಲಿಫ್ಟಿನ ಗುಂಡಿಯನ್ನು ಬಿಚ್ಚಿ ಜೋಡಿಸುತ್ತಿದ್ದ. ಅವಳು ನಡೆಯುವುದನ್ನು ನೋಡಿ ಕೈಕೆಲಸ ನಿಲ್ಲಿಸಿದ.

"ಏನಾಯ್ತು?"

"ಅತ್ತಿಗೆ ನನ್ನ ಕಂಬಿ ಎತ್ತುತಿದ್ಳಂತೆ. ನಿನಗೆ ಗೊತ್ತಿತ್ತಾ?"

ಅಣ್ಣ ಗುಂಡಿಯನ್ನು ಮೇಜಿನ ಮೇಲಿಟ್ಟ. ಸತ್ತ ದಿನದಿಂದ ಹೆಂಡತಿಯ ಬಗ್ಗೆ ಒಂದು ಮಾತಾಡದವನು. "ಹ್ಞೂಂ. ರಾತ್ರಿ ನನ್ನ ಹತ್ರ ಬೆರಳಿಗೆ ಎಣ್ಣೆ ತಿಕ್ಕಿಸ್ಕೊಳ್ಳೋಳು. ಯಾಕೆ ಎತ್ತೋಕೆ ಹೋಗ್ತೀಯ ಅಂದ್ರೆ, 'ಕಂಬಿ ನಿಂತಾಗ ಅವಳ ಮುಖ ನೋಡಿದ್ರೆ ಕೈ ತಾನೇ ಹೋಗುತ್ತೆ, ನಾನೇನು ಮಾಡ್ಲಿ' ಅನ್ನೋಳು." ಅವಳ ಕಡೆ ಕುರ್ಚಿ ಎಳೆದು ಕೇಳಿದ. "ಈಗ ಎಷ್ಟು ಎತ್ತೀಯ?"

"ಅದರಲ್ಲಿ ಅರ್ಧ."

"ಅರ್ಧ ಅಂದ್ರೆ ಕಮ್ಮಿ ಏನಲ್ಲ," ಅಂದು ಮತ್ತೆ ಗುಂಡಿ ಕೈಗೆತ್ತಿಕೊಂಡ.

ಪಕ್ಕೆ ಬಾತುಕೊಂಡು ಅವಳಿಗೆ ಆ ಭಾನುವಾರ ಆಡಲಾಗಲಿಲ್ಲ. ಮುಂದಿನ ಆಟಗಳಲ್ಲಿ ಸೀಟಿ ಅವಳನ್ನು ಎರಡನೆಯ ಸಾಲಿಗೆ, ಮೊದಲಿನವರು ದಣಿದಾಗ ಇಳಿಯುವವರ ಜೊತೆಗೆ ಹಾಕಿದ. ಗೋಲಿನ ಮುಂದೆ ನಿಂತಾಗ ಈಗ ಅವಳಿಗೆ ತನ್ನ ತೂಕ ಎಷ್ಟು ಅಂತ ಗೊತ್ತಿತ್ತು. ಅದು ಗೊತ್ತಿದ್ದವರು ಸ್ವಲ್ಪ ಮೊದಲೇ ಮೊಣಕಾಲು ಬಗ್ಗಿಸುತ್ತಾರೆ. ಕೆಲವರು ಅವಳನ್ನು ತಳ್ಳಿ ಬೀಳಿಸಿದರು. ಬಿದ್ದಾಗ ತಂಡದವರು, "ಬಾಗಿಲಿನ ತಿರುಗಣಿ ಸಡಿಲಾಯ್ತು," ಅಂತ ರೇಗಿಸಿದರು. ಅವಳೂ ನಕ್ಕಳು, ಎದ್ದಳು.

ವ್ಯಾಯಾಮಕ್ಕೆ ಈಗ ಅಂಚೆಯವಳೇ ಜೋಡಿ. ಒಳ್ಳೆ ಜೋಡಿ. ಮುಟ್ಟಬಾರದು ಅಂದರೆ ಮುಟ್ಟುವುದಿಲ್ಲ, ಹಿಡಿಯಬೇಕಾದಾಗ ಗಪ್ಪನೆ ಹಿಡಿಯುತ್ತಾಳೆ, ಹಿಡಿದಮೇಲೆ ಹಿಡಿದೆ ಅಂತ ಹೇಳುತ್ತಾಳೆ. ಬಾಗಿಲು ಎತ್ತುವ ಭಾರ ಪೂರ್ತಿ ಅವಳದೇ. ಸಲೀಸಾಗಿ ಎತ್ತುತ್ತಾಳೆ. ಒಂದೊಂದು ಸಲ ಮಾತ್ರ, ತೋಳಿನಲ್ಲಿ ಇನ್ನೂ ಬೇಕಾದಷ್ಟು ಕಸುವಿರುವಾಗಲೇ, ಕಂಬಿಯನ್ನು ಅರ್ಧ ದಾರಿಯಲ್ಲಿ ನಿಲ್ಲಿಸಿಬಿಡುತ್ತಾಳೆ. ಮುಖ ಕಿವುಚುತ್ತಾಳೆ. ಸೋತವಳ ಹಾಗೆ ತೋಳು ನಡುಗಿಸುತ್ತಾಳೆ. ಕಣ್ಣು ಚಾವಣಿಯ ಇಳಿಜಾರಿನಲ್ಲಿ ನೆಟ್ಟಿರುತ್ತದೆ.

"ಏನಾಯ್ತೇ? ಹಿಡೀಲಾ?" ಅಂತಾಳೆ ಅಂಚೆಯವಳು.

"ತಡಿ," ಅಂತಾಳೆ. "ಸ್ವಲ್ಪ ತಡಿ."

ಅಂಚೆಯವಳು ತಡೆಯುತ್ತಾಳೆ. ಕೊಳವೆಗಳು ಗುಂಯ್‌ಗುಟ್ಟುತ್ತಿರುತ್ತವೆ. ಕಂಬಿ ನಿಂತಲ್ಲೇ ನಿಂತಿರುತ್ತದೆ, ಎಷ್ಟು ಭಾರವೋ ಅಷ್ಟೇ ಭಾರವಾಗಿ. ಸಾಕಾದಮೇಲೆ ಬಾಗಿಲು ತಾನೇ ಎತ್ತಿ ಕವಲಿಗೆ ಹಾಕುತ್ತಾಳೆ.